ಅಂಗಳದ ಒಲೆ, ಶ್ರಾವಕನ ಹೊಣೆ

ಮನೆಯ ಶುಭಕಾರ್ಯಕ್ಕೆ ಅಡಿಗೆಯವರನ್ನು ಕರೆಸುವುದು ಹೊಸತೇನಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನಾಮಕರಣ, ಗೃಹಪ್ರವೇಶಗಳ ದಿನ ಅಡಿಗೆಯವರು ಹಿತ್ತಿಲಲ್ಲಿ ಒಲೆ ಹೂಡುತ್ತಿದ್ದರು. ಉಣ್ಣುವವರು ಪಡಸಾಲೆಯಲ್ಲಿ ಕುಳಿತಿರುತ್ತಿದ್ದರು. ಈಗ ಒಲೆಯು ಹಿತ್ತಿಲಿನಿಂದ ಅಂಗಳಕ್ಕೆ ಬಂದಿದೆ. ದೀಪಗಳ ಬೆಳಕಿನಲ್ಲಿ ಬಾಣಸಿಗನು ಅತಿಥಿಗಳ ಕಣ್ಣೆದುರಿಗೇ ಮಿರ್ಚಿ ಕರಿಯುತ್ತಾನೆ, ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾನೆ, ಕಾದ ಹಂಚಿನ ಮೇಲೆ ದೋಸೆ ಹೊಯ್ಯುತ್ತಾನೆ. ಅಡಿಗೆಯು ಊಟವಷ್ಟೇ ಆಗಿ ಉಳಿಯದೆ ನೋಟವೂ ಆಗಿದೆ.

ಈ ಪದ್ಧತಿಯ ಬೆಳೆದ ರೂಪವು ಅಮೆರಿಕದಲ್ಲಿದೆ. ಅಲ್ಲಿ ‘ಹಿಬಾಚಿ’ ಬಾಣಸಿಗನನ್ನು ಮನೆಗೇ ಕರೆಸುವುದುಂಟು. ಜಪಾನಿನಲ್ಲಿ ಹಿಬಾಚಿ ಎಂದರೆ ಮೈ ಕಾಯಿಸಿಕೊಳ್ಳುವ ಕೆಂಡದ ಪಾತ್ರೆ; ಕಬ್ಬಿಣದ ಹಲಗೆಯ ಮೇಲೆ ಬೇಯಿಸುವ ವಿಧಾನಕ್ಕೆ ತೆಪ್ಪನ್‌ಯಾಕಿ ಎಂದು ಹೆಸರು. 1964ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಬೆನಿಹಾನಾ ಭೋಜನಗೃಹವು ಇದನ್ನು ಚೂರಿ ಮತ್ತು ಜ್ವಾಲೆಗಳ ಆಟವಾಗಿಸಿ ಜನಪ್ರಿಯಗೊಳಿಸಿತು. ಮಾಂಸವೂ ತರಕಾರಿಯೂ ಒಂದೇ ಹಲಗೆಯ ಮೇಲೆ ಬೇಯುವ ಈ ಆಟದಲ್ಲಿ ‘ಸಸ್ಯಾಹಾರ’ ಎಂಬ ಮಾತಿಗೆ ಎಷ್ಟು ಅರ್ಥ ಉಳಿಯುತ್ತದೆಂಬುದು ವಿಚಾರಾರ್ಹ. ಬಾಡಿಗೆಯ ಹಂಚು, ಬಾಡಿಗೆಯ ಬಾಣಲೆಗಳು ಹಿಂದಿನ ದಿನ ಯಾವ ಮನೆಯಲ್ಲಿದ್ದವೆಂದು ಕೇಳದ ಹರಪನಹಳ್ಳಿಯ ಗೃಹಸ್ಥನಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ರುಚಿಯನ್ನೇ ದೂಷಿಸುವುದು ಜೈನ ಪರಂಪರೆಗೆ ಸಲ್ಲದು. ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದ ಮೂರನೆಯ ಮಂಗರಸನು ಜೈನಕವಿಯೇ. ಆದರೆ ಅದೇ ಪರಂಪರೆಯ ಜನ್ನನು 1209ರ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯ ಬಲಿಯು ಜನ್ಮಜನ್ಮಾಂತರಕ್ಕೆ ಅಂಟಿದ ಕಥೆಯನ್ನು ಹೇಳಿದ್ದಾನೆ. ಅಲ್ಲಿ ಜೀವವಿರಲಿಲ್ಲ, ಸಂಕಲ್ಪವಿತ್ತು. ಆದುದರಿಂದ ಎಲೆಯ ಮೇಲೆ ಬಂದ ಪದಾರ್ಥವನ್ನಷ್ಟೇ ಪರೀಕ್ಷಿಸಿದರೆ ಸಾಲದು. ಅದರ ಹಿಂದಿನ ಮನಸ್ಸನ್ನೂ ಪರೀಕ್ಷಿಸಬೇಕಾಗುತ್ತದೆ.

“ಮಾಡಿದವನು ಅಡಿಗೆಯವನು, ಮನೆಯವರೇನು ಬಲ್ಲರು?” ಎಂಬ ಸಮಾಧಾನವು ಇಲ್ಲಿ ನಿಲ್ಲದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಲ್ಲಿಯೂ ಕರ್ಮವು ಆಸ್ರವಿಸುತ್ತದೆಂದು ಶಾಸ್ತ್ರ ಹೇಳುತ್ತದೆ. ಹಣ ಕೊಟ್ಟವನು ಮಾಡಿಸಿದವನು. ನೋಡಿ ಚಪ್ಪಾಳೆ ತಟ್ಟಿದವನು ಅನುಮೋದಿಸಿದವನು. ಸೋಸದ ನೀರು, ಈರುಳ್ಳಿ-ಬೆಳ್ಳುಳ್ಳಿ, ಕಡಲೆಹಿಟ್ಟಿನ ಬಜ್ಜಿಯೊಡನೆ ಬಡಿಸಿದ ಹಸಿಮೊಸರಿನ ದ್ವಿದಳ ದೋಷ — ಇವೆಲ್ಲವೂ ಬಾಣಸಿಗನ ಲೆಕ್ಕಕ್ಕೆ ಮಾತ್ರ ಸೇರುವುದಿಲ್ಲ.

ಎಲ್ಲಕ್ಕಿಂತ ಎದ್ದು ಕಾಣುವ ದೋಷ ಹೊತ್ತಿನದು. ಈ ಸೀಮೆಯಲ್ಲಿ ಮಾಗಿಯ ಸೂರ್ಯ ಸಂಜೆ 6ರ ಸುಮಾರಿಗೆ ಮುಳುಗುತ್ತಾನೆ. ಜೂನ್ ತಿಂಗಳಿನಲ್ಲಿಯೂ 7ರ ಸಮೀಪಕ್ಕೆ. ನಿಷ್ಠೆಯುಳ್ಳ ಶ್ರಾವಕರು ಅದಕ್ಕೂ ಒಂದು ಮುಹೂರ್ತ, ಎಂದರೆ 48 ನಿಮಿಷ, ಮೊದಲೇ ಊಟ ಮುಗಿಸುತ್ತಾರೆ. ಅಂಗಳದ ಔತಣವಾದರೋ ಕತ್ತಲಿಲ್ಲದೆ ಕಳೆಗಟ್ಟದು. ಜ್ವಾಲೆ ಕಾಣಬೇಕಾದರೆ ಇರುಳಾಗಬೇಕು. ಹೀಗಾಗಿ ರಾತ್ರಿಭೋಜನ ತ್ಯಾಗದ ವ್ರತ ಹಿಡಿದ ಹಿರಿಯ ತಾಯಿಯು ತನ್ನ ಮನೆಯ ಸಂಭ್ರಮದಲ್ಲಿಯೇ ಒಳಕೋಣೆಯಲ್ಲಿ ಜಪಮಾಲೆ ಹಿಡಿದು ಕೂರುತ್ತಾಳೆ. ಅವಳನ್ನು ಯಾರೂ ಹೊರಗಿಡಲಿಲ್ಲ. ಗೊತ್ತುಮಾಡಿದ ಹೊತ್ತೇ ಅವಳನ್ನು ಹೊರಗಿಟ್ಟಿತು. ವ್ರತಿಯು ಉಣ್ಣಲಾಗದ ಔತಣಕ್ಕೆ ಅತಿಥಿ ಸತ್ಕಾರವೆಂದು ಹೆಸರಿಡುವುದು ಹೇಗೆ?

ಇನ್ನೊಂದು ದೋಷವು ಆಚಾರವಂತರ ಕಣ್ಣಿಗೂ ಬೀಳದೆ ಹೋಗುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧಗಳೂ ಸೇರಿವೆ: ಅಳವಿಗೆ ಮೀರಿ ದುಡಿಸುವುದು, ಹೊತ್ತಿಗೆ ಅನ್ನ-ನೀರು ದೊರೆಯದಂತೆ ಮಾಡುವುದು. ಮಧ್ಯಾಹ್ನದಿಂದ ಬೆಂಕಿಯ ಮುಂದೆ ನಿಂತು, ನೂರು ಜನರಿಗೆ ಬಿಸಿಬಿಸಿಯಾಗಿ ಬಡಿಸಿ, ನಡುರಾತ್ರಿ ಉಳಿದುದನ್ನು ಉಣ್ಣುವ ಅಡಿಗೆಯವನು ಯಾವ ಅತಿಚಾರಕ್ಕೆ ಸಾಕ್ಷಿ? ಬೆಳ್ಳುಳ್ಳಿಯ ಎಸಳನ್ನು ಹುಡುಕುವ ಕಣ್ಣು ಅವನ ಹಸಿವನ್ನು ಕಾಣದಿದ್ದರೆ, ಆ ಶುದ್ಧಿಯು ಅರ್ಧಶುದ್ಧಿ.

ಹಾಗೆಂದು ಅಂಗಳದ ಒಲೆಯನ್ನು ಆರಿಸಬೇಕಾಗಿಲ್ಲ. ಬಿಸಿಯಾದುದನ್ನು ಅತಿಥಿಯ ಎಲೆಗೆ ಬಡಿಸುವುದು ಪ್ರೀತಿಯ ಲಕ್ಷಣವೇ. ಬೇಸಿಗೆಯಲ್ಲಿ ಇಳಿಹೊತ್ತು 5 ಗಂಟೆಗೆ, ಚಳಿಗಾಲದಲ್ಲಿ 4 ಗಂಟೆಗೆ ಒಲೆ ಹಚ್ಚಲಿ. ಬಳಸುವ ಮತ್ತು ಬಿಡುವ ಪದಾರ್ಥಗಳನ್ನು ಮುಂಗಡ ಕೊಡುವಾಗಲೇ ಬರೆದುಕೊಡಲಿ. ನೀರನ್ನು ಮನೆಯವರೇ ಸೋಸಿ ಒದಗಿಸಲಿ. ಅಡಿಗೆಯವನೂ ಅವನ ಸಹಾಯಕರೂ ಮೊದಲ ಪಂಕ್ತಿಗೆ ಮುನ್ನವೇ ಉಣ್ಣಲಿ. ಕೂಲಿಯನ್ನು ಅಂದೇ ಸಲ್ಲಿಸಲಿ.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ಹಂಚು, ಬಾಣಲೆ, ಚೂರಿ, ಸೋಸುವ ಬಟ್ಟೆಗಳ ಒಂದು ಜೊತೆಯನ್ನು ಕಾದಿರಿಸಿ ಕುಟುಂಬಗಳಿಗೆ ಕೊಟ್ಟು ಪಡೆಯುವ ವ್ಯವಸ್ಥೆಗೆ ದೊಡ್ಡ ಹಣ ಬೇಡ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯನ್ನು 1055ರ ಶಾಸನವು ಗಂಗದೊರೆ ದುರ್ವಿನೀತನ ಹೆಸರಿನೊಡನೆ ನೆನೆಯುತ್ತದೆ. ಅಷ್ಟು ಹಳೆಯ ಧರ್ಮದ ನೆಲೆಯಿರುವ ಸೀಮೆಯಲ್ಲಿ ಒಂದು ಹಂಚನ್ನು ಶುದ್ಧವಾಗಿಟ್ಟುಕೊಳ್ಳುವುದು ಕಷ್ಟವಾಗಬಾರದು.

ಬಂದವರು ಜ್ವಾಲೆಯ ಎತ್ತರವನ್ನು ಮರುದಿನವೇ ಮರೆಯುತ್ತಾರೆ. ಹಗಲಿರುವಾಗಲೇ ಹೊರಗೆ ಬಂದು ಮೊಮ್ಮಕ್ಕಳ ನಡುವೆ ಕುಳಿತು ಉಂಡ ಹಿರಿಯಳು ಆ ದಿನವನ್ನು ಮರೆಯುವುದಿಲ್ಲ.