ಒಂದು ತುಂಡು ಸಜ್ಜೆ ಭಾಕರಿ

ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮ್ಮ ಮನೆಗಳಲ್ಲಿ ಕನ್ನಡ ಬೈಬಲ್ಲಿನ ಪಕ್ಕದಲ್ಲೇ ಮರಾಠಿ ಪುಸ್ತಕ ಇರುವುದು ಹೊಸದಲ್ಲ. ಪಂಡಿತಾ ರಮಾಬಾಯಿಯವರು 1907ರಲ್ಲಿ ಇಂಗ್ಲಿಷಿನಲ್ಲಿ ಬರೆದ ಸಾಕ್ಷಿ ನನಗೆ ಸಿಕ್ಕಿದ್ದು ಹಾಗೆ, ಮರಾಠಿಯಲ್ಲಿ. ಅದು ನಮ್ಮ ಮನೆಯವರು ತೀರಿಕೊಂಡ ವರ್ಷ. ಮಾತಾಡಿಸಲು ಬಂದವರೆಲ್ಲ “ದೇವರ ಚಿತ್ತ ಅಕ್ಕಾ, ನಮ್ಮ ಕೈಯಾಗ ಏನೈತಿ” ಎಂದು ಚಹಾ ಕುಡಿದು ಹೋಗುತ್ತಿದ್ದರು. ಆ ಮಾತು ಕೇಳಿದರೇ ಸಿಟ್ಟು ಬರುತ್ತಿತ್ತು. ಇದೂ ಅಂಥದೇ ಪುಸ್ತಕವಿರಬೇಕೆಂದುಕೊಂಡೆ.

ಅಲ್ಲ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರೂರು ಪುರಾಣ ಹೇಳುತ್ತ ತಿರುಗಿದವರು. ಬರಗಾಲದಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ತಾಯಿಗಾಗಿ ಹುಡುಗಿ ನೆರೆಮನೆಗೆ ಬೇಡಲು ಹೋಗುತ್ತಾಳೆ. ನಾಚಿಕೆಯಿಂದ ಬಾಯಿ ಬರುವುದಿಲ್ಲ. ಕಡೆಗೆ ಒಂದು ತುಂಡು ಸಜ್ಜೆ ಭಾಕರಿ ಸಿಗುತ್ತದೆ. ಅದನ್ನು ತಿನ್ನುವ ಶಕ್ತಿ ತಾಯಿಗೆ ಉಳಿದಿರುವುದಿಲ್ಲ. ಇದು ಯಾಕೆ ಹೀಗಾಯಿತು ಎಂಬುದಕ್ಕೆ ಲೇಖಕಿ ಅಲ್ಲಿ ಕಾರಣ ಹುಡುಕುವುದಿಲ್ಲ. ಪುಸ್ತಕದಲ್ಲಿ ನಾನು ಎರಡು ಸಲ ಓದಿದ ಪುಟಗಳು ಇವೇ.

ಮುಂದೆ ನನಗೂ ಅವರಿಗೂ ಸಣ್ಣ ಜಗಳವಿದೆ. ತಂದೆತಾಯಿ ಮಾಡಿದ ವ್ರತ, ತೀರ್ಥ, ದಾನ ಎಲ್ಲ ವ್ಯರ್ಥವಾಯಿತೆಂದು ಅವರು ಬರೆಯುತ್ತಾರೆ. ಆದರೆ ಸಾಯುವಾಗ ಮಗಳನ್ನು ಎದೆಗೊತ್ತಿಕೊಂಡು, ನಿನ್ನನ್ನು ದೇವರ ಕೈಗೆ ಕೊಟ್ಟಿದ್ದೇನೆ ಎಂಬ ಅರ್ಥದ ಮಾತು ಹೇಳಿದವರು ಅದೇ ತಂದೆ. ಆ ಮಾತನ್ನು ಮಗಳು ಕ್ರೈಸ್ತಳಾದ ಮೇಲೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ದೇವರನ್ನು ನಂಬುವ ಮೊದಲ ಪಾಠ ಆಕೆಗೆ ಚರ್ಚಿನಲ್ಲಲ್ಲ, ಹಸಿದ ಆ ಬ್ರಾಹ್ಮಣನ ತೋಳಿನಲ್ಲಿ ಸಿಕ್ಕಿತು ಎಂದು ನನಗೆ ತೋರುತ್ತದೆ. ಪುಸ್ತಕ ಇದನ್ನು ಒಪ್ಪುವುದಿಲ್ಲ, ಆದರೂ ತೋರಿಸಿಬಿಡುತ್ತದೆ.

ಇನ್ನೊಂದು ಪ್ರಾಮಾಣಿಕತೆ ಮೆಚ್ಚಬೇಕು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು. ತನಗೆ ಆಗ ಸಿಕ್ಕಿದ್ದು ಕ್ರೈಸ್ತ ಮತ, ಕ್ರಿಸ್ತನಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ನಂಬಿಕೆ ನೆಲೆಗೊಳ್ಳಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಅಣ್ಣನೂ ಇಲ್ಲ. 1882ರಲ್ಲೇ ಗಂಡ ಕಾಲರಾದಿಂದ ತೀರಿದ್ದರು. ಮುಂದೆ 1896-97ರ ಬರದಲ್ಲಿ ಅವರು ಮಧ್ಯ ಪ್ರಾಂತಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವದ ಮುಕ್ತಿ ಬೆಳೆದದ್ದು ಹಾಗೆ. ಆ ಭಾಕರಿಯ ತುಂಡು ಅವರಿಗೆ ಮರೆತಿರಲಿಲ್ಲ.

ಸಾಕ್ಷಿ 1907ಕ್ಕೆ ಮುಗಿಯುತ್ತದೆ. ಒಬ್ಬಳೇ ಮಗಳು ಮನೋರಮಾ ತೀರಿಕೊಂಡದ್ದು 1921ರ ಜುಲೈನಲ್ಲಿ. ತಾಯಿ ಮುಂದಿನ ಏಪ್ರಿಲ್‌ವರೆಗೆ ಮಾತ್ರ ಬದುಕಿದರು. ಆ ಎಂಟು ತಿಂಗಳಲ್ಲಿ ಬರೆದ ಸಾಕ್ಷಿಯೊಂದು ಇದ್ದಿದ್ದರೆ ನಾನು ಅದನ್ನೇ ಮೊದಲು ಓದುತ್ತಿದ್ದೆ.