ಬೀಗವಿರುವ ಪೆಟ್ಟಿಗೆ, ಬೀಗವಿಲ್ಲದ ಡಿಸ್ಕ್

ಟವರ್ ಸರ್ವರ್ ಎಂದರೆ ರ‍್ಯಾಕ್ ಇಡಲು ಜಾಗವಿಲ್ಲದ ಕಚೇರಿಗೆಂದೇ ಮಾಡಿದ ಯಂತ್ರ. ಮೈಸೂರಿನ ವಿದ್ಯಾರಣ್ಯಪುರಂನಂಥ ಬಡಾವಣೆಯ ಸಣ್ಣ ಕಚೇರಿಯಲ್ಲಿ ಅದು ಮೇಜಿನ ಪಕ್ಕದಲ್ಲೋ ಮೆಟ್ಟಿಲಿನ ಕೆಳಗೋ ನಿಲ್ಲುತ್ತದೆ. ಡೇಟಾ ಸೆಂಟರಿನಲ್ಲಿ ಕಾವಲುಗಾರ ನೋಡಿಕೊಳ್ಳುವುದನ್ನು ಇಲ್ಲಿ ಪೆಟ್ಟಿಗೆಯೇ ನೋಡಿಕೊಳ್ಳಬೇಕು. 2021ರಲ್ಲಿ ಬಂದ ಡೆಲ್ ಪವರ್‌ಎಡ್ಜ್ ಟಿ350 ಈ ಕೆಲಸವನ್ನು ಅರ್ಧ ಮಾತ್ರ ಮಾಡುತ್ತದೆ.

ಯಂತ್ರಾಂಶದ ಬಗ್ಗೆ ತಕರಾರಿಲ್ಲ. ಎಂಟು ಕೋರ್‌ಗಳವರೆಗಿನ ಕ್ಸಿಯಾನ್ ಪ್ರೊಸೆಸರ್, ದೋಷ ತಿದ್ದುವ ಇಸಿಸಿ ಮೆಮೊರಿ 128 ಜಿಬಿವರೆಗೆ, 3.5 ಅಂಗುಲದ ಎಂಟು ಡಿಸ್ಕ್‌ಗಳು, ಎರಡು ಪವರ್ ಸಪ್ಲೈ: ಸಣ್ಣ ಸಂಸ್ಥೆಗೆ ಧಾರಾಳ. ಆದರೆ ಎರಡೂ ಪವರ್ ಸಪ್ಲೈಗಳ ವೈರನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದರೆ ಎರಡನೆಯದಕ್ಕೆ ಕೊಟ್ಟ ದುಡ್ಡು ದಂಡ.

ತೊಡಕಿರುವುದು ಡಿಸ್ಕ್‌ಗಳಲ್ಲಿ. ಯಂತ್ರ ಓಡುತ್ತಿರುವಾಗಲೇ ಕೆಟ್ಟ ಡಿಸ್ಕ್ ಬದಲಿಸಲೆಂದು ಅವನ್ನು ಮುಂಭಾಗದ ಟ್ರೇಗಳಲ್ಲಿ ಕೂರಿಸಲಾಗಿದೆ. ಗುಂಡಿ ಒತ್ತಿ ಹಿಡಿಕೆ ಎಳೆದರೆ ಟ್ರೇ ಕೈಗೆ ಬರುತ್ತದೆ. ರಿಪೇರಿಯವನಿಗೂ ಅಷ್ಟೇ ಸುಲಭ, ಕಳ್ಳನಿಗೂ ಅಷ್ಟೇ ಸುಲಭ. ಡೆಲ್‌ನದೇ ಅಗ್ಗದ ಟಿ150ರಲ್ಲಿ ಡಿಸ್ಕ್‌ಗಳು ಒಳಗೆ ಕೇಬಲ್ಲಿಗೆ ಸಿಕ್ಕಿಸಿರುವುದರಿಂದ ಅವನ್ನು ಕದಿಯಲು ಹೆಚ್ಚು ಹೊತ್ತು ಬೇಕು. ಟಿ350ರ ಮುಂದಿನ ಬೀಗದ ಮುಚ್ಚಳ ಇದಕ್ಕೆ ಅಡ್ಡ ನಿಲ್ಲುತ್ತದೆ ನಿಜ, ಅದರ ಕೀಲಿಯನ್ನು ಯಂತ್ರಕ್ಕೇ ನೇತುಹಾಕದಿದ್ದರೆ.

ಪಕ್ಕದ ಮುಚ್ಚಳದ ಕೆಳಗೊಂದು ಸ್ವಿಚ್ ಇದೆ. ಮುಚ್ಚಳ ತೆಗೆದರೆ, ಸರ್ವರಿನ ಮೇಲೆ ಕಣ್ಣಿಡುವ ಅಂತರ್ಗತ ನಿಯಂತ್ರಕ ಐಡ್ರ್ಯಾಕ್ ಅದನ್ನು ಲಾಗ್‌ನಲ್ಲಿ ಬರೆದಿಡುತ್ತದೆ. ಅದು ದೂರು ಕೊಡುತ್ತದೆಯೇ ಹೊರತು ಕೈ ಹಿಡಿದು ತಡೆಯುವುದಿಲ್ಲ. ಲಾಗ್ ಓದುವವರಿಲ್ಲದ ಕಚೇರಿಯಲ್ಲಿ ಆ ದೂರು ಯಾರನ್ನೂ ಮುಟ್ಟುವುದಿಲ್ಲ. ಒಳಗೆ ಕೈ ಹಾಕಿದವರು ಮದರ್‌ಬೋರ್ಡಿನ ಜಂಪರ್ ಬದಲಿಸಿ ಬಯೋಸ್ ಪಾಸ್‌ವರ್ಡನ್ನೇ ಅಳಿಸಬಹುದು. ಯುಎಸ್‌ಬಿ ಪೋರ್ಟ್‌ಗಳನ್ನು ಬಯೋಸ್‌ನಲ್ಲಿ ಮುಚ್ಚಿಟ್ಟಿದ್ದರೂ ಆಮೇಲೆ ಅವನ್ನು ತೆರೆಯುವುದು ಕಷ್ಟವಲ್ಲ. ಒಟ್ಟಿನಲ್ಲಿ ಸುರಕ್ಷತೆಯ ದೊಡ್ಡ ಪಾಲು ಒಂದು ತಗಡಿನ ಮುಚ್ಚಳವನ್ನೇ ನೆಚ್ಚಿಕೊಂಡಿದೆ.

ನಿಜವಾದ ರಕ್ಷಣೆ ಸಿಗುವುದು ಎನ್‌ಕ್ರಿಪ್ಷನ್ ಕೀಲಿಗಳನ್ನು ಕಾಪಾಡುವ ಟಿಪಿಎಂ ಚಿಪ್ ಮತ್ತು ಡಿಸ್ಕ್ ಎನ್‌ಕ್ರಿಪ್ಷನ್ ಜೊತೆಯಾದಾಗ. ಒಮ್ಮೆ ಕೂರಿಸಿದ ಟಿಪಿಎಂ ಆ ಬೋರ್ಡಿಗೇ ಬೆಸೆದುಕೊಳ್ಳುತ್ತದೆ. ಎನ್‌ಕ್ರಿಪ್ಟ್ ಆದ ಡಿಸ್ಕನ್ನು ಒಯ್ದವನಿಗೆ ಅದರೊಳಗಿನ ಲೆಕ್ಕ ಸಿಗದು. ಇಷ್ಟು ಮುಖ್ಯವಾದ ಟಿಪಿಎಂ ಬೇಕೆಂದರೆ ಮಾತ್ರ ಸೇರಿಸಿಕೊಳ್ಳುವ ಭಾಗವಾಗಿರುವುದು ಈ ಯಂತ್ರದ ದೊಡ್ಡ ಕೊರತೆ. ದರಪಟ್ಟಿ ತರಿಸುವಾಗ ಪ್ರೊಸೆಸರ್ ಬಗ್ಗೆ ಹತ್ತು ಪ್ರಶ್ನೆ ಕೇಳುವವರೂ ಈ ಸಾಲನ್ನು ನೋಡದೆ ದಾಟುತ್ತಾರೆ.

ಸ್ಥಳದ್ದೇ ಆದ ಇನ್ನೊಂದು ಸಂಗತಿ ಇದೆ. ಇಂಥ ಸರ್ವರ್‌ಗಳಿಗೆ ಡೆಲ್ ಹೇಳುವ ಗಾಳಿಯ ಮಿತಿಯಂತೆ ತಾಮ್ರದ ಸವೆತ ತಿಂಗಳಿಗೆ 300 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ಇರಬೇಕು, ಬೆಳ್ಳಿಯದು 200ಕ್ಕಿಂತ ಕಡಿಮೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಈ ಎರಡು ಲೋಹಗಳನ್ನೂ ತಿನ್ನುತ್ತದೆ. ನಗರದ ಕಸ ಸಂಸ್ಕರಣಾ ಘಟಕವೂ ಕೊಳಚೆ ನೀರಿನ ಘಟಕವೂ ಇರುವ ವಿದ್ಯಾರಣ್ಯಪುರಂನಲ್ಲಿ, ಅವುಗಳ ಹತ್ತಿರದ ಕಚೇರಿಯವರು ತಾಮ್ರ, ಬೆಳ್ಳಿಯ ಪರೀಕ್ಷಾ ಪಟ್ಟಿಯನ್ನು ತಿಂಗಳ ಕಾಲ ತೂಗುಹಾಕಿ ಗಾಳಿಯನ್ನು ಅಳೆಸುವುದು ಒಳ್ಳೆಯದು.

ಬೀಗ ಹಾಕಬಹುದಾದ ಕೋಣೆ ಇದ್ದವರಿಗೆ ಟಿ350 ಒಳ್ಳೆಯ ಆಯ್ಕೆ. ಕೋಣೆ ಇಲ್ಲದವರು ಟಿಪಿಎಂ ಮತ್ತು ಎನ್‌ಕ್ರಿಪ್ಷನ್ ಇಲ್ಲದೆ ಇದನ್ನು ಕೊಳ್ಳಬಾರದು.