ಡೆರಿಕ್‌ನ ಮ್ಯೂನಿಕ್, ಶಿಮಾನ್‌ಸ್ಕಿಯ ಡ್ಯೂಸ್‌ಬರ್ಗ್

ದೂರದರ್ಶನದ ಕಾಲದಲ್ಲಿ ‘ಓಲ್ಡ್ ಫಾಕ್ಸ್’ ಎಂಬ ಜರ್ಮನ್ ಪತ್ತೇದಾರಿ ಧಾರಾವಾಹಿ ನೋಡಿದವರಿಗೆ ಜರ್ಮನಿ ಎಂದರೆ ಮ್ಯೂನಿಕ್. ತೊಳೆದಿಟ್ಟಂಥ ರಸ್ತೆ, ಗೇಟಿನಾಚೆ ಹುಲ್ಲುಹಾಸು, ಬಂಗಲೆಯ ಹಜಾರದಲ್ಲಿ ಗ್ಲಾಸಿಗೆ ವಿಸ್ಕಿ ಬಗ್ಗಿಸಿಕೊಳ್ಳುತ್ತಾ ಸುಳ್ಳು ಹೇಳುವ ಸಿರಿವಂತ. ಅದನ್ನು ತಯಾರಿಸಿದ ಝಡ್‌ಡಿಎಫ್ ವಾಹಿನಿಯದೇ ಇನ್ನೊಂದು ಪತ್ತೇದಾರಿ ಧಾರಾವಾಹಿ ‘ಡೆರಿಕ್’ ಈ ಚಿತ್ರವನ್ನೇ ಲೋಕಕ್ಕೆಲ್ಲ ಹಂಚಿತು. 1974ರಿಂದ 1998ರವರೆಗೆ 281 ಕಂತು, ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಾಟ. ಇಷ್ಟು ದೂರ ಅದು ಹೋದದ್ದೇಕೆ? ನನ್ನ ಪ್ರಕಾರ, ಅದರಲ್ಲಿ ಊರೇ ಇಲ್ಲದ್ದರಿಂದ. ಪಾತ್ರಗಳ ಬಾಯಲ್ಲಿ ಬವೇರಿಯಾದ ಆಡುಮಾತು ಅಪರೂಪ, ಬೀದಿಯ ಗದ್ದಲ ಇನ್ನೂ ಅಪರೂಪ. ಆ ಬಂಗಲೆಯನ್ನು ಯಾವ ದೇಶದವನೂ ತನ್ನೂರಿನ ಸಿರಿವಂತರ ಬಡಾವಣೆಯಲ್ಲಿ ಇಟ್ಟು ನೋಡಬಹುದಿತ್ತು.

ಜರ್ಮನರು ತಮಗಾಗಿ ಇಟ್ಟುಕೊಂಡದ್ದು ‘ಟಾಟೋರ್ಟ್’ ಎಂಬ ಪತ್ತೇದಾರಿ ಸರಣಿ. 1970ರಿಂದ ಭಾನುವಾರ ರಾತ್ರಿ ಎಂಟೂಕಾಲಕ್ಕೆ, ವಾರ್ತೆ ಮುಗಿದೊಡನೆ. ಅದನ್ನು ಪ್ರಸಾರ ಮಾಡುವ ಎಆರ್‌ಡಿ ಎಂಬುದು ಪ್ರಾದೇಶಿಕ ವಾಹಿನಿಗಳ ಒಕ್ಕೂಟ. ಒಂದೊಂದು ವಾಹಿನಿಯೂ ತನ್ನ ಸೀಮೆಯ ಊರು, ತನ್ನ ಪೊಲೀಸರನ್ನು ಇಟ್ಟುಕೊಂಡು ಕಥೆ ಮಾಡುತ್ತದೆ. ಈ ವಾರ ಕಲೋನ್ ಆದರೆ ಮುಂದಿನ ವಾರ ಮ್ಯೂನ್‌ಸ್ಟರ್. ವಿಯೆನ್ನಾಕ್ಕೂ ಪಾಲಿದೆ. ಹೊರಗಿನವರಿಗೆ ಇದು ತಲೆನೋವು: ಕಳೆದ ವಾರದ ನಾಯಕ ಎಲ್ಲಿ ಹೋದ?

ಟಾಟೋರ್ಟ್‌ನ ಕಂತುಗಳಲ್ಲಿ ನನಗೆ ಪ್ರಿಯವಾದದ್ದು 1981ರ ‘ಡ್ಯೂಸ್‌ಬರ್ಗ್-ರೂರೋರ್ಟ್’. ಅಸ್ತವ್ಯಸ್ತ ಅಡುಗೆಮನೆ. ಹಸಿ ಮೊಟ್ಟೆಗಳನ್ನು ಗ್ಲಾಸಿಗೆ ಒಡೆದು ಗಟಗಟ ಕುಡಿಯುವ ಪೊಲೀಸ್ ಅಧಿಕಾರಿ ಶಿಮಾನ್‌ಸ್ಕಿ (ನಟ ಗೋಟ್ಸ್ ಗಿಯೋರ್ಗೆ). ಹೊರಗೆ ಉಕ್ಕಿನ ಕಾರ್ಖಾನೆಗಳ ಹೊಗೆ, ಬಂದರಿನ ಕೊಳಕು ನೀರು, ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಜನ. ಡೆರಿಕ್ ಟೈ ಬಿಗಿದು ಮಾತಾಡಿಸಿದರೆ ಇವನು ಮಾಸಿದ ಜಾಕೆಟ್ಟಿನಲ್ಲಿ ಬೈದು, ಗುದ್ದಿ ಕೇಳುತ್ತಾನೆ. ಊರಿನ ಮಾನ ಹೋಯಿತೆಂದು ಡ್ಯೂಸ್‌ಬರ್ಗ್‌ನ ಹಿರಿಯರು ಗೊಣಗಿದರು. ಈಗ ಅದೇ ಊರಿನ ರೂರೋರ್ಟ್ ಬಡಾವಣೆಯ ಒಂದು ಓಣಿಗೆ ಅವನದೇ ಹೆಸರು. (ಯಾವ ಊರಿನ ಹಿರಿಯರೂ ಹೀಗೆಯೇ ಎನ್ನಿ.)

ಟಾಟೋರ್ಟ್‌ನ ಮ್ಯೂನ್‌ಸ್ಟರ್ ಕಂತುಗಳೂ ಜರ್ಮನಿಯಲ್ಲಿ ಭಾರೀ ಜನಪ್ರಿಯ. ನನಗೆ ಅವುಗಳ ಹಾಸ್ಯ ತುಸು ಅತಿಯೆನಿಸುತ್ತದೆ.

ಹೊಸ ತಲೆಮಾರಿನ ವಿದೇಶಿಗರಿಗೆ ಡೆರಿಕ್‌ನ ಜಾಗದಲ್ಲಿ 2017ರ ‘ಬ್ಯಾಬಿಲಾನ್ ಬರ್ಲಿನ್’ ಸರಣಿ ಇದೆ. 1929ರ ಕ್ಯಾಬರೆ, ಮಾದಕವಸ್ತು, ಬೀದಿಕಾಳಗ. ನೋಡಲು ಭರ್ಜರಿ, ಆದರೆ ಆ ಬೀದಿಗಳಲ್ಲಿ ಬಹಳಷ್ಟು ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಆ ಬೀದಿಗಳನ್ನು ಹುಡುಕಿಕೊಂಡು ಬರ್ಲಿನ್ನಿನ ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕಕ್ಕೆ ಹೋದವರಿಗೆ ಎದುರಾಗುವುದು ಮುಖ್ಯವಾಗಿ ಪೂರ್ವ ಜರ್ಮನಿ ಕಾಲದ ಕಾಂಕ್ರೀಟು, ಟಿವಿ ಗೋಪುರ. ಅಂದಿನ ಚೌಕದ ಬಹುಭಾಗ ಎರಡನೇ ಮಹಾಯುದ್ಧದ ಬಾಂಬುಗಳಿಗೆ ಹೋಯಿತು. ಮ್ಯೂನಿಕ್ಕಿನ ಶಿಸ್ತಾಗಲಿ, ಬರ್ಲಿನ್ನಿನ ಮೋಜಾಗಲಿ, ಹೊರಗಿನವರು ಮೊದಲೇ ನಂಬಿದ್ದನ್ನೇ ಅವರಿಗೆ ಮಾರಿದ ಸರಕು.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟೇ: ಪಕ್ಕದಲ್ಲಿ ಜರ್ಮನಿಯ ಭೂಪಟವಿರಲಿ, ಮೊದಲು ಡ್ಯೂಸ್‌ಬರ್ಗ್ ನೋಡಿ. ಡೆರಿಕ್ ಆಮೇಲೆ ನೋಡಿದರೂ ನಡೆದೀತು.